ನಾಲ್ಕು ಬೆರಳು ಕೆಳಗೆ

ನಿಟ್ಟೂರಿನ ಪುಟ್ಟಪ್ಪ ಒಂದೇ ಪ್ರಾಣಿಗೆ ಎರಡು ಈಡು ಹೊಡೆದವನಲ್ಲ. ಇದನ್ನು ಅವನೇನೂ ಹೇಳಿಕೊಂಡು ತಿರುಗುತ್ತಿರಲಿಲ್ಲ, ಊರೇ ಹೇಳುತ್ತಿತ್ತು. ಕೇಪಿನ ಕೋವಿಯ ಕಾಲ ಅದು. ನಳಿಕೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಇಳಿಸಿ, ಮತ್ತೆ ನಾರು ತುರುಕಿ, ಹಿಂದೆ ಕೇಪು ಕೂರಿಸುವಷ್ಟರಲ್ಲಿ ಹಂದಿ ಇನ್ನೊಂದು ಗುಡ್ಡ ಹತ್ತಿರುತ್ತಿತ್ತು. ಹಾಗಾಗಿ ಬೇಟೆಗಾರನಿಗೆ ಇದ್ದದ್ದು ಒಂದೇ ಈಡು. ಎರಡನೆಯದಕ್ಕೆ ಕೈಹಾಕುವವನನ್ನು ಜನ ‘ಮದ್ದು ಸುಡೋನು’ ಎಂದು ಆಡಿಕೊಂಡು ನಗುತ್ತಿದ್ದರು.

ಆದರೆ ಅದೆಲ್ಲ ಹೊಳೆಗೆ ಅಣೆಕಟ್ಟು ಬರುವ ಮುಂಚಿನ ಮಾತು. ಹೊಳೆಬಾಗಿಲಿನ ದೋಣಿಗಂಡಿಯ ಆಚೆ ಅವನ ಹಳೇ ಊರು, ಊರ ಹಿಂದಿನ ಕುರುಚಲು ಹಕ್ಕಲು, ಹಂದಿ ಇಳಿಯುತ್ತಿದ್ದ ಕಣಿವೆ ಎಲ್ಲಾ ನೀರಿನಡಿ ಸೇರಿ ಎರಡು ವರ್ಷವಾಗಿತ್ತು. ನಿಟ್ಟೂರಿಗೆ ಬಂದು ನೆಲೆಸಿದ ಪುಟ್ಟಪ್ಪ ಬಡಗಿ ಕೆಲಸಕ್ಕೆ ನಿಂತ. ಬೆಳಗಿನಿಂದ ಕತ್ತಲಾಗುವವರೆಗೆ ನೇಗಿಲು, ನೊಗ, ಬಾಗಿಲು, ದಾರಂದ. ಸುತ್ತಿನ ಹತ್ತು ಹಳ್ಳಿಯಲ್ಲಿ ಕೋವಿಯ ಮರದ ಹಿಡಿ ಮುರಿದರೆ ಅದನ್ನು ಮಾಡಿಕೊಡುವವನೂ ಅವನೇ. ಸ್ವಂತ ಕೋವಿ ಮಾತ್ರ ಗೋಡೆಯ ಗೂಟದ ಮೇಲೆ ಸುಮ್ಮನೆ ಮಲಗಿತ್ತು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಇಳಿಸಿ, ಎಣ್ಣೆ ಸವರಿ, ಕುಂಕುಮ ಇಟ್ಟು, ಮತ್ತೆ ಮೇಲಿಡುವುದು.

ಅರವತ್ತಾರರ ಬೇಸಿಗೆಯ ಹೊತ್ತಿಗೆ ಹೊಸನಗರದಲ್ಲಿ ರೈಫಲ್ ಕ್ಲಬ್ ಎಂಬುದೊಂದು ಹುಟ್ಟಿಕೊಂಡಿತು. ಚೀನಾದ ಗಲಾಟೆ, ಅದರ ಬೆನ್ನಿಗೇ ಪಾಕಿಸ್ತಾನದ ಯುದ್ಧ, ಆಗ ಊರೂರಿಗೂ ಗುರಿ ಕಲಿಯುವ ಹುಮ್ಮಸ್ಸು. ಒಬ್ಬ ಡಾಕ್ಟರು, ಅಕ್ಕಿ ಗಿರಣಿಯ ಒಬ್ಬ ಸಾಹುಕಾರರು, ನಾಲ್ಕೈದು ಮೇಷ್ಟ್ರುಗಳು ಸೇರಿ ಕಟ್ಟಿದ ಸಂಘ. ಪುಟ್ಟಪ್ಪನನ್ನು ಅವರಾಗಿಯೇ ಕರೆದು ಸದಸ್ಯನನ್ನಾಗಿ ಮಾಡಿಕೊಂಡಿದ್ದರು. ಹೈಸ್ಕೂಲಿನ ಎನ್.ಸಿ.ಸಿ.ಯಲ್ಲಿ ಚೆನ್ನಾಗಿ ಗುರಿ ಇಟ್ಟಳೆಂದು ಅವನ ಹದಿನಾರು ವರ್ಷದ ಮಗಳು ಶರಾವತಿಯನ್ನೂ ಸೇರಿಸಿಕೊಂಡಿದ್ದರು. ಕ್ಲಬ್ಬಿಗೆ ಎಲ್ಲಾ ಇತ್ತು, ಬೋರ್ಡು, ಕಾರ್ಯದರ್ಶಿ, ಸರ್ಕಾರದ ಲೈಸೆನ್ಸು. ರೈಫಲ್ ಒಂದು ಇರಲಿಲ್ಲ. ಇಷ್ಟು ದಿನ ಉಳಿದವರು ಹೈಸ್ಕೂಲಿನದನ್ನು ಎರವಲು ತಂದು ಕಲಿತಿದ್ದರು, ಪುಟ್ಟಪ್ಪ ಅದನ್ನು ಮುಟ್ಟಿರಲಿಲ್ಲ. ಈಗ ತೀರ್ಥಹಳ್ಳಿಯಲ್ಲಿ ಮೂರು ತಾಲ್ಲೂಕಿನ ಸ್ಪರ್ಧೆ, ಹೆಣ್ಣುಮಕ್ಕಳಿಗೆ ಬೇರೆ ವಿಭಾಗ. ಪ್ರತಿ ಕ್ಲಬ್ಬೂ ತನ್ನದೇ ರೈಫಲ್ ತರತಕ್ಕದ್ದು ಎಂದು ಕಾಗದ ಬಂದಿತ್ತು.

‘ಆರಿಸೋ ಕೆಲಸ ಪುಟ್ಟಪ್ಪನದು,’ ಎಂದರು ಡಾಕ್ಟರು. ‘ನಾವೆಲ್ಲ ಪುಸ್ತಕ ಓದಿದೋರು. ಕೋವಿ ಗೊತ್ತಿರೋನು ಅವನೊಬ್ಬನೇ.’

ಆ ಮಾತು ಕೇಳಿದ ರಾತ್ರಿ ಪುಟ್ಟಪ್ಪ ಊಟಕ್ಕೆ ಕೂತಾಗ ಹೆಂಡತಿ ಗುತ್ಯಮ್ಮನಿಗೆ ಅದನ್ನೇ ಎರಡು ಸಲ ಹೇಳಿದ. ಊರು ಮುಳುಗಿದ ಮೇಲೆ ಅವನನ್ನು ಯಾರೂ ಏನನ್ನೂ ಆರಿಸು ಎಂದು ಕರೆದಿರಲಿಲ್ಲ.

ಮಾರನೇ ವಾರ ಮೂವರು ಸಾಗರದ ಬಸ್ಸು ಹತ್ತಿದರು. ಪುಟ್ಟಪ್ಪ, ಶರಾವತಿ, ಕ್ಲಬ್ಬಿನ ಕಾರ್ಯದರ್ಶಿ ಮಂಜುನಾಥಪ್ಪ ಮೇಷ್ಟ್ರು. ಮೇಷ್ಟ್ರು ಹೈಸ್ಕೂಲಿನಲ್ಲಿ ಚಿತ್ರ ಕಲಿಸುವವರು. ಅವರ ಕೈಚೀಲದಲ್ಲಿ ಡ್ರಾಯಿಂಗ್ ಶೀಟಿನ ಚೌಕಗಳು, ಅವುಗಳ ಮೇಲೆ ಕಂಪಾಸಿನಿಂದ ಎಳೆದ ವೃತ್ತಗಳು, ನಡುವೆ ಕಪ್ಪು ಶಾಯಿಯ ಬೊಟ್ಟು.

‘ಕಣ್ಣು ಬಿಟ್ಟು ನೋಡ್ತಿರೋ ಗೂಬೆ ಕಂಡಂಗೆ ಕಾಣ್ತಾವೆ ಮೇಷ್ಟ್ರೆ,’ ಎಂದ ಪುಟ್ಟಪ್ಪ.

‘ಹೊಡೆಯಕ್ಕೆ ಮನಸ್ಸು ಬರ್ಲಿ ಅಂತ್ಲೇ ಹಂಗೆ ಬರ್ದಿದ್ದು,’ ಎಂದರು ಮೇಷ್ಟ್ರು.

ಸಾಗರದ ಬಂದೂಕಿನ ಅಂಗಡಿಯ ಕನ್ನಪ್ಪ ಪುಟ್ಟಪ್ಪನ ಹೆಸರು ಕೇಳಿದ್ದವನು. ‘ಬರ್ರಿ ಬರ್ರಿ. ನಿಮ್ಮಂಥೋರು ಮೆಟ್ಲು ಹತ್ತಿದ್ರೆ ಅಂಗ್ಡಿಗೇ ಒಂದು ಕಳೆ,’ ಎಂದು ಸ್ಟೂಲು ಎಳೆದು ಹಾಕಿದ. ಕ್ಲಬ್ಬಿನ ಕೈಗೆಟುಕುವಂಥವು ಎರಡೇ ಇದ್ದವು. ಎರಡನ್ನೂ ಗೋಣಿತಾಟಿನ ಮೇಲೆ ಪಕ್ಕಪಕ್ಕ ಮಲಗಿಸಿದ.

ಒಂದು ಹೊಚ್ಚ ಹೊಸದು. ಹಿಡಿಗೆ ವಾರ್ನಿಷು, ಹೊಟ್ಟೆಯಡಿ ಹತ್ತು ತೋಟಾ ಹಿಡಿಸುವ ಡಬ್ಬಿ, ಬೋಲ್ಟು ಎಳೆದು ಬಿಟ್ಟರೆ ಇನ್ನೊಂದು ತೋಟಾ ತಾನೇ ಮೇಲೆ ಬರುತ್ತದೆ. ಹಗುರ, ಚೆಲುವಾಗಿತ್ತು. ಇನ್ನೊಂದು, ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಡುವಾಗ ಮಾರಿಹೋದದ್ದು. ಹಿಡಿಯ ಕುತ್ತಿಗೆ ಬಿರುಕು ಬಿಟ್ಟು ಹಿತ್ತಾಳೆ ಪಟ್ಟಿ ಸುತ್ತಿಸಿಕೊಂಡಿತ್ತು. ನಳಿಕೆ ಒನಕೆಯ ಹಾಗೆ ದಪ್ಪ. ಡಬ್ಬಿ ಗಿಬ್ಬಿ ಇಲ್ಲ, ಒಂದು ಸಲಕ್ಕೆ ಒಂದೇ ತೋಟಾ ಕೈಯಿಂದ ತುರುಕಬೇಕು. ಬೆಲೆ ಹೊಸದರ ಅರ್ಧ.

‘ಇದ್ನ ಯಾಕೆ ಇಟ್ಕಂಡಿದೀರಿ ಮಾರಾಯ್ರೆ? ಗದ್ದೆ ಕಾಯಕ್ಕಾ?’ ಎಂದ ಪುಟ್ಟಪ್ಪ.

‘ಯಾರೂ ಕೇಳ್ದೇ ಇದ್ದಿದ್ಕೆ ಐತೆ,’ ಕನ್ನಪ್ಪ ನಕ್ಕ. ‘ನೋಡಿ, ನಂಗೆ ಎರಡೂ ಒಂದೇ. ನೀವು ಯಾವ್ದಕ್ಕೆ ಎಲೆ ಇಡ್ತೀರೋ ಅದು ನಿಮ್ದು.’

ಎಲೆ ಇಡುವುದೆಂದರೆ ಆ ಕಡೆಯ ಬೇಟೆಗಾರರ ಪದ್ಧತಿ. ಕೋವಿ ಕೊಳ್ಳುವವನು ಮೊದಲು ಹಲಸಿನ ಹಲಗೆಗೆ ಒಂದು ಈಡು ಹೊಡೆದು ನೋಡುತ್ತಾನೆ. ಒಂದೇ ಒಂದು. ಒಪ್ಪಿದರೆ ನಳಿಕೆಯ ಮೇಲೆ ಒಂದು ಎಲೆ, ಒಂದು ಅಡಿಕೆ ಇಡುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಇಟ್ಟ ಎಲೆ ತೆಗೆದವನನ್ನು ಪುಟ್ಟಪ್ಪ ಈ ನಲವತ್ತೈದು ವರ್ಷದಲ್ಲಿ ಕಂಡಿರಲಿಲ್ಲ.

ಇಕ್ಕೇರಿಯ ದಾರಿಯಲ್ಲಿ ಜಂಬಿಟ್ಟಿಗೆ ಕಲ್ಲು ಕಡಿದು ಬಿಟ್ಟ ಆಳದ ಹೊಂಡವಿತ್ತು. ಮೂರು ಕಡೆಯೂ ಕೆಂಪು ಗೋಡೆ, ಗುಂಡು ಆಚೆ ಹೋಗುವ ಭಯವಿಲ್ಲ. ಕನ್ನಪ್ಪ ಎರಡೂ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ ತಂದ. ಮೇಷ್ಟ್ರು ಇಪ್ಪತ್ತೈದು ಗಜ ಅಳೆದು ಗೋಡೆಗೆ ಹಲಗೆ ಒರಗಿಸಿ ಎರಡು ಕಾರ್ಡು ಚುಚ್ಚಿದರು. ನೆಲಕ್ಕೆ ಗೋಣಿಚೀಲ ಹಾಸಿದರು.

ಪುಟ್ಟಪ್ಪ ತೋಟಾ ಅಂಗೈಯಲ್ಲಿಟ್ಟು ತೂಗಿ ನೋಡಿದ. ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲ. ‘ಇದಕ್ಕೆ ಕೇಪು ಎಲ್ಲಿ?’

‘ಬೇರೆ ಇಲ್ಲ ಪುಟ್ಟಪ್ಪ. ತಳದ ಅಂಚು ಐತಲ್ಲ, ಅದ್ರೊಳಗೇ ಅಡಗಿರ್ತದೆ. ಅಂಚಿಗೆ ಪೆಟ್ಟು ಬಿದ್ರೆ ಸಿಡೀತದೆ,’ ಎಂದರು ಮೇಷ್ಟ್ರು.

‘ಗುಬ್ಬಿ ಮೊಟ್ಟೆ ಕಂಡಂಗೈತೆ,’ ಎಂದುಕೊಳ್ಳುತ್ತ ಅವನು ಗೋಣಿಯ ಮೇಲೆ ಮಲಗಿ ಹೊಸ ರೈಫಲ್ಲನ್ನು ಭುಜಕ್ಕೆ ಕೊಟ್ಟ. ಈಡು ಹೊಡೆದು ಎರಡು ವರ್ಷವಾಗಿತ್ತು. ಕೆನ್ನೆ ಮರಕ್ಕೆ ತಾಗಿದ್ದೇ ತಡ, ಕಣ್ಣೆದುರಿನ ಕೆಂಪು ಗೋಡೆ ಕರಗಿ ಹಳೇ ಕಣಿವೆಯ ನಸುಕು ಎದ್ದು ನಿಂತಿತು. ಇಬ್ಬನಿಗೆ ನೆಂದ ಕಂಬಳಿಯ ವಾಸನೆ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತ ಅಪ್ಪ, ಒಣ ದರಗೆಲೆ ಮೇಲೆ ಸರಬರ ಸದ್ದು. ‘ಆತುರ ಬ್ಯಾಡಾ ಮಗಾ’ ಎಂದು ಕಿವಿಯಲ್ಲಿ ಯಾರೋ ಅಂದ ಹಾಗಾಯಿತು. ಬೆರಳು ಎಳೆಯಿತು. ಕಡ್ಡಿ ಮುರಿದಷ್ಟೇ ಸದ್ದು. ಭುಜಕ್ಕೆ ಏನೂ ತಾಗಲೇ ಇಲ್ಲ.

‘ನಡೂ ಬೊಟ್ಟಿಗೆ!’ ಕನ್ನಪ್ಪ ಹಲಗೆಯ ಹತ್ತಿರ ಹೋಗಿ ನೋಡಿ ಕೂಗಿದ.

ಹಳೆಯದರಲ್ಲೂ ಒಂದು ಈಡು ಹೊಡೆದ. ಅದು ಬೊಟ್ಟು ಬಿಟ್ಟು, ವೃತ್ತಗಳನ್ನೂ ಬಿಟ್ಟು, ನಾಲ್ಕು ಬೆರಳು ಕೆಳಗೆ ಕಾರ್ಡಿನ ಅಂಚಿಗೆ ಬಿದ್ದಿತ್ತು.

‘ಮುದುಕಿ ಕಣ್ಣಿಗೆ ಪೊರೆ ಬಂದೈತೆ,’ ಎಂದು ಪುಟ್ಟಪ್ಪ ಎದ್ದು ಮೈ ಕೊಡವಿದ. ಸೊಂಟದ ಸಂಚಿ ಬಿಚ್ಚಿ ಒಂದು ಎಲೆ, ಒಂದು ಅಡಿಕೆ ತೆಗೆದ. ಹೊಸ ರೈಫಲ್ಲಿನ ನಳಿಕೆಯ ಮೇಲಿಟ್ಟ. ಕನ್ನಪ್ಪ ಕೈಮುಗಿದ. ಮೇಷ್ಟ್ರಿಗೂ ಸಮಾಧಾನ. ಆದದ್ದಾಯಿತು, ಮಧ್ಯಾಹ್ನದ ಬಸ್ಸು ಸಿಗುತ್ತದೆ.

ಆಗ ಶರಾವತಿ ಬಾಯಿಬಿಟ್ಟಳು. ‘ಅಪ್ಪಯ್ಯ, ನಾನು ಒಂದೊಂದ್ರಾಗೂ ಐದೈದು ಹೊಡೆದು ನೋಡ್ಲಾ?’

‘ಎಂತಕ್ಕೆ?’

‘ಎನ್.ಸಿ.ಸಿ.ನಲ್ಲಿ ಐದು ಹೊಡೆಸ್ತಾರೆ. ಒಂದ್ರಾಗೆ ಏನೂ ಗೊತ್ತಾಗಲ್ಲ ಅಂತಾರೆ.’

ಕನ್ನಪ್ಪ ಗಟ್ಟಿಯಾಗಿ ನಕ್ಕ. ‘ಒಂದೇ ಈಡಿನ ಪುಟ್ಟಪ್ಪನ ಮಗಳು ಐದು ಕೇಳ್ತಾಳಲ್ರೀ! ಮನೆತನ ಎಲ್ಲಿಗೆ ಬಂತು!’

ಪುಟ್ಟಪ್ಪನ ಮುಖಕ್ಕೆ ರಕ್ತ ಏರಿತು. ‘ಎಲೆ ಇಟ್ಟಾಯ್ತು ಕಣೆ. ಸುಮ್ನಿರು. ತೋಟಾ ಏನು ಕಾಡಿನ ಹಣ್ಣಾ?’

‘ನನ್ನ ಪಾಲಿನ ಹತ್ತು ಅದಾವಲ್ಲ,’ ಎಂದಳು ಮಗಳು, ನೆಲ ನೋಡುತ್ತ.

ಸ್ಪರ್ಧೆಗೆ ಹೋಗುವವರಿಗೆ ಅಭ್ಯಾಸಕ್ಕೆಂದು ಕ್ಲಬ್ಬು ತಲೆಗೆ ಹತ್ತು ತೋಟಾ ಕೊಟ್ಟಿತ್ತು. ಅವನ್ನು ಇಲ್ಲೇ ಸುಟ್ಟರೆ ಹದಿನೈದು ದಿನದಲ್ಲಿ ಬರುವ ತೀರ್ಥಹಳ್ಳಿಯ ಸ್ಪರ್ಧೆಗೆ ಅಭ್ಯಾಸವಿಲ್ಲದೆ ಹೋಗಬೇಕು. ಅದು ಅವಳಿಗೆ ಗೊತ್ತಿತ್ತು. ಪುಟ್ಟಪ್ಪ ಮಗಳ ಕೈ ನೋಡಿದ. ತೋಟಾ ಕಟ್ಟಿದ ಕರವಸ್ತ್ರದ ಗಂಟನ್ನು ಅವಳು ಬಿಗಿಯಾಗಿ ಹಿಡಿದಿದ್ದಳು. ಈ ಎರಡು ತಿಂಗಳು ಅವಳು ಅಡುಗೆಮನೆಯ ಕಿಟಕಿಯಲ್ಲಿ ಒನಕೆ ಒರಗಿಸಿ, ಒಂದು ಕಣ್ಣು ಮುಚ್ಚಿ, ಹೊರಗಿನ ದಾಸವಾಳದ ಮೊಗ್ಗಿಗೆ ಗುರಿ ಹಿಡಿಯುತ್ತಿದ್ದುದನ್ನು ಅವನು ಕೆಲಸದಿಂದ ಬರುವಾಗೆಲ್ಲ ಕಂಡಿದ್ದ.

‘ಹೊಡಿ,’ ಎಂದ, ಬೇರೆ ಕಡೆ ನೋಡುತ್ತ.

ಮೇಷ್ಟ್ರು ಎರಡು ಹೊಸ ಕಾರ್ಡು ಚುಚ್ಚಿದರು. ಅವಳು ಲಂಗ ಒತ್ತಿ ಸುತ್ತಿಕೊಂಡು, ದಾವಣಿಯ ಸೆರಗು ಸಿಕ್ಕಿಸಿ, ಗೋಣಿಯ ಮೇಲೆ ಮಲಗಿದಳು. ಪುಟ್ಟಪ್ಪ ಎಲೆ ಅಡಿಕೆಯನ್ನು ಜೋಪಾನವಾಗಿ ಎತ್ತಿ ಅಂಗೈಯಲ್ಲಿ ಹಿಡಿದುಕೊಂಡ. ಹೊಸದರಲ್ಲಿ ಐದು ಸದ್ದು ಬೇಗ ಬೇಗ ಮುಗಿದವು. ಹಳೆಯದರ ಐದಕ್ಕೆ ಹೊತ್ತು ಹಿಡಿಯಿತು. ಒಂದೊಂದೇ ತೋಟಾ ತುರುಕುವುದು, ಬೋಲ್ಟು ಮುಚ್ಚುವುದು, ಉಸಿರು ಬಿಡುವುದು.

ಮೇಷ್ಟ್ರು ಎರಡೂ ಕಾರ್ಡು ಕಿತ್ತು ತಂದರು. ಹೊಸದರ ಕಾರ್ಡಿನಲ್ಲಿ ಐದು ತೂತು ದೋಸೆಯ ಕಣ್ಣಿನ ಹಾಗೆ ಚದುರಿದ್ದವು. ಒಂದು ಮೇಲೆ, ಒಂದು ಎಡಕ್ಕೆ, ಎರಡು ಬೊಟ್ಟಿನ ಅಂಚಿಗೆ, ಇನ್ನೊಂದು ಮೂಲೆಯಲ್ಲಿ. ಹಳೆಯದರಲ್ಲಿ ಇದ್ದದ್ದು ಒಂದೇ ತೂತು. ಬೊಟ್ಟಿನ ನಡುವೆ, ಅಂಚು ಹರಿದ, ಕಡಲೆಕಾಳಿನಷ್ಟು ಅಗಲದ್ದು.

‘ಉಳಿದ ನಾಲ್ಕು ಗೋಡೆಗೆ ಹೋದ್ವೇನೋ,’ ಎಂದ ಕನ್ನಪ್ಪ.

‘ಐದೂ ಇಲ್ಲೇ ಹೋಗ್ಯಾವೆ,’ ಎಂದರು ಮೇಷ್ಟ್ರು. ಅವರ ದನಿ ಸಣ್ಣಗಾಗಿತ್ತು.

ಪುಟ್ಟಪ್ಪ ಕೈಸನ್ನೆ ಮಾಡಿ ಇನ್ನೊಂದು ಕಾರ್ಡು ಚುಚ್ಚಿಸಿದ. ಎಲೆ ಅಡಿಕೆಯನ್ನು ಕಲ್ಲಿನ ಮೇಲಿಟ್ಟು, ತನ್ನ ಪಾಲಿನ ತೋಟಾದ ಪೊಟ್ಟಣ ಬಿಚ್ಚಿ, ಹಳೆಯದನ್ನು ಎತ್ತಿಕೊಂಡು ಮಲಗಿದ. ಬದುಕಿನಲ್ಲಿ ಮೊದಲ ಸಲ ಅವನು ಒಂದೇ ಗುರಿಗೆ ಎರಡನೇ ಈಡು ಹೊಡೆದ. ಆಮೇಲೆ ಮೂರನೆಯದು. ಟ್ರಿಗರು ಒಣಗಿದ ಹುಣಸೆ ಚಿಪ್ಪು ಚಟ್ಟೆಂದ ಹಾಗೆ ಬಿಡುತ್ತಿತ್ತು. ಇದೇ ಒಳ್ಳೆಯದೆಂದು ಅವನ ಬೆರಳು ಆಗಲೇ ಅರಿತಿತ್ತು, ಅವನಿಗೆ ಮಾತ್ರ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಐದೂ ಮುಗಿಸಿ ತಾನೇ ನಡೆದುಹೋಗಿ ನೋಡಿದ.

ಒಂದು ರೂಪಾಯಿ ನಾಣ್ಯ ಇಟ್ಟರೆ ಐದೂ ಮುಚ್ಚಿಹೋಗುತ್ತಿದ್ದವು. ಎಲ್ಲವೂ ಬೊಟ್ಟಿಗಿಂತ ನಾಲ್ಕು ಬೆರಳು ಕೆಳಗೆ.

ಅವನು ಕಾರ್ಡಿನ ಮೇಲೆ ಬೆರಳಿಟ್ಟುಕೊಂಡೇ ನಿಂತ. ಅವನ ಕೇಪಿನ ಕೋವಿ ಈಡಾಗುವಾಗ ಹೋರಿಯ ಹಾಗೆ ಮೂತಿ ಎತ್ತಿ ಒದೆಯುತ್ತಿತ್ತು. ಹಂದಿಯ ಎದೆಗೆ ಬೀಳಬೇಕೆಂದರೆ ಎದೆಗಿಂತ ನಾಲ್ಕು ಬೆರಳು ಕೆಳಗೆ ಹಿಡಿಯಬೇಕು. ಅಪ್ಪ ಅವನ ಕೈಮೇಲೆ ಕೈಯಿಟ್ಟು ಕಲಿಸಿದ್ದು ಅದೇ. ಕಲಿತದ್ದು ಮೈಯೊಳಗೆ ಎಷ್ಟು ಇಳಿದಿತ್ತೆಂದರೆ ಇವತ್ತು ತಾನು ಕೆಳಗೆ ಹಿಡಿದದ್ದು ಅವನಿಗೇ ತಿಳಿದಿರಲಿಲ್ಲ. ಈ ಮುದಿ ರೈಫಲ್ಲಿಗೆ ಮೂತಿ ಎತ್ತುವ ಚಾಳಿಯೇ ಇರಲಿಲ್ಲ. ಅವನು ಎಲ್ಲಿಗೆ ತೋರಿಸಿದನೋ ಅಲ್ಲಿಗೇ ಹೊಡೆದಿತ್ತು. ಹೊಸದು ಅವನು ತೋರಿಸಿದ ಕಡೆ ಬಿಟ್ಟು ಎಲ್ಲಿಗೋ ಹೊಡೆದು, ಆ ಎಲ್ಲಿಗೋ ಎಂಬುದು ಬೊಟ್ಟೇ ಆಗಿತ್ತು.

ಅವನು ತಿರುಗಿ ಬಂದ. ಕಲ್ಲಿನ ಮೇಲೆ ಎಲೆ ಬಿಸಿಲಿಗೆ ಆಗಲೇ ಬಾಡತೊಡಗಿತ್ತು.

‘ಕನ್ನಪ್ಪ, ಹಳೇದು ಕಟ್ಟಿ.’

‘ಅಲ್ರೀ... ಎಲೆ ಇಟ್ಟಿದ್ರಲ್ಲ?’ ಕನ್ನಪ್ಪನಿಗೆ ನಷ್ಟದ ಚಿಂತೆಗಿಂತ ಆಶ್ಚರ್ಯವೇ ಜಾಸ್ತಿ. ‘ಪುಟ್ಟಪ್ಪ ಎಲೆ ತೆಗೆದ ಅಂದ್ರೆ ಯಾರಾದ್ರೂ ನಂಬ್ತಾರಾ?’

‘ತೆಗೆದು ಎಸೆಯಕ್ಕೆ ಹೋಗಲ್ಲ.’ ಪುಟ್ಟಪ್ಪ ಆ ಬಾಡಿದ ಎಲೆಯನ್ನು ತೊಡೆಗೆ ಒರೆಸಿ, ಅಡಿಕೆ ಸೇರಿಸಿ, ಸುಣ್ಣವೂ ಇಲ್ಲದೆ ಬಾಯಿಗೆ ಹಾಕಿಕೊಂಡ. ‘ನಾನು ಆಡಿದ ಮಾತು, ನಾನೇ ಜಗೀತೀನಿ. ಕೇಳಿದೋರಿಗೆ ಹಿಂಗೇ ಹೇಳಿ.’

ಕನ್ನಪ್ಪ ಹಳೆಯದನ್ನು ಕಂಬಳಿಯಲ್ಲಿ ಸುತ್ತತೊಡಗಿದ. ಆಮೇಲೆ ಮೇಷ್ಟ್ರು ಕೆಮ್ಮಿ, ‘ಉಳಿದ ದುಡ್ಡಿಗೆ ವರ್ಷಕ್ಕಾಗೋಷ್ಟು ತೋಟಾ ಬರ್ತಾವೆ ಪುಟ್ಟಪ್ಪ,’ ಎಂದರು. ‘ಶರಾವತಿಗೆ ಅವಳ ಹತ್ತನ್ನ ನಾನೇ ವಾಪಸು ಕೊಡ್ತೀನಿ. ಇಪ್ಪತ್ತು ಕೊಡ್ತೀನಿ.’

ಶರಾವತಿ ಅಪ್ಪನ ಮುಖ ನೋಡಲಿಲ್ಲ. ಗೋಣಿಚೀಲ ಕೊಡವಿ ಮಡಚಿದಳು. ನಾಲ್ಕು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಊರಿಗೆ ಬಂದ ಮೇಲೆ ಕ್ಲಬ್ಬಿನ ಒಪ್ಪಿಗೆ ಪಡೆದು ಪುಟ್ಟಪ್ಪ ರೈಫಲ್ಲಿಗೆ ಹೊಸ ಹಿಡಿ ಮಾಡಲು ಕೂತ. ಹಲಸಿನ ಮರ, ಎರಡು ಮಳೆಗಾಲ ಒಣಗಿದ್ದು. ಹಿಡಿಯ ಉದ್ದಕ್ಕೆ ಅವನ ಅಳತೆ ಒಂದೇ, ಕೋವಿಯ ಬುಡವನ್ನು ಮೊಣಕೈಯ ಮಡಿಕೆಗೆ ಕೊಟ್ಟರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಮುಟ್ಟಬೇಕು. ಎಷ್ಟೋ ಗಂಡಸರ ಕೈ ಹಾಗೆ ಅಳೆದಿದ್ದ. ಮಗಳನ್ನು ಕರೆದು ಮರ ಕೆತ್ತುವ ಬಾಚಿಯ ಪಕ್ಕ ಕೂರಿಸಿ, ಅವಳ ತೋಳು ಹಿಡಿದು ದಾರ ಎಳೆದಾಗ ಅವನಿಗೆ ವಿಚಿತ್ರವೆನಿಸಿತು. ಹಳೇ ಊರಿನಲ್ಲಿ ಇದೇ ತೋಳಿಗೆ ಬಳೆಯ ಅಳತೆ ತೆಗೆದುಕೊಂಡು ಜಾತ್ರೆಗೆ ಹೋಗಿದ್ದು ನಿನ್ನೆಯ ಹಾಗಿತ್ತು.

‘ಗಂಡಸರ ಕೈಗಿಂತ ಎರಡು ಬೆರಳು ಕಮ್ಮಿ,’ ಎಂದ.

‘ಡಾಕ್ಟರಿಗೆ ಗಿಡ್ಡ ಆಗಲ್ವಾ ಅಪ್ಪಯ್ಯ?’

‘ಡಾಕ್ಟರು ಮುದುರ್ಕಂಡು ಹೊಡೀಲಿ.’

ಒಳಗಿನಿಂದ ಗುತ್ಯಮ್ಮ ಕೇಳಿಸಿಕೊಂಡಳು. ‘ಹೆಣ್ಣು ಹುಡುಗಿಗೆ ಕೋವಿ ಅಳತೆ ತಗೋಳೋ ಅಪ್ಪನ್ನ ಎಲ್ಲೂ ಕಂಡಿಲ್ಲ ಬಿಡಿ!’ ಎಂದಳು. ಹೇಳಿದ ದನಿಯಲ್ಲಿ ಬೈಗುಳ ಇರಲಿಲ್ಲ.

ಮೇಷ್ಟ್ರು ಒಂದು ದಿನ ಸ್ಕ್ರೂ ಡ್ರೈವರು ಹಿಡಿದು ಬಂದರು. ‘ಪುಟ್ಟಪ್ಪ, ನಳಿಕೆ ಮೇಲಿನ ಹಿಂದಿನ ಗುರಿಗಣ್ಣು ಸ್ವಲ್ಪ ಮೇಲೆತ್ತಿದ್ರೆ ನಿನ್ನ ಈಡು ಸರಿಯಾಗಿ ಬೊಟ್ಟಿಗೆ ಬೀಳ್ತದೆ. ಎರಡು ಸುತ್ತು ಸಾಕು.’

ಪುಟ್ಟಪ್ಪ ರೈಫಲ್ಲಿನ ಮೇಲೆ ಕೈಯಿಟ್ಟು ಮುಚ್ಚಿದ. ‘ಬ್ಯಾಡ ಮೇಷ್ಟ್ರೆ. ಅದು ಸರಿ ಐತೆ. ಒಬ್ಬನ ಕೈ ಸೊಟ್ಟ ಅಂತ ಅದ್ರ ಕಣ್ಣು ಸೊಟ್ಟ ಮಾಡಬಾರ್ದು.’

ತೀರ್ಥಹಳ್ಳಿಯಲ್ಲಿ ತುಂಗೆ ಇಳಿದು ಮಳಲು ಬಿಳಿಗಟ್ಟಿತ್ತು. ದಂಡೆಯ ದಿಬ್ಬಕ್ಕೆ ಕಾರ್ಡು ಹಚ್ಚಿ, ಮಳಲಿನ ಮೇಲೆ ಜಮಖಾನ ಹಾಸಿ, ಸುಣ್ಣದ ಗೆರೆ ಎಳೆದಿದ್ದರು. ಬೇರೆ ಕ್ಲಬ್ಬಿನವರ ರೈಫಲ್ಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹೊಸನಗರದವರದು ಹಲಸಿನ ಹಳದಿ ಹಿಡಿಯದು, ಹಳೇ ದಪ್ಪ ನಳಿಕೆಯದು. ‘ಒನಕೆ ತಂದಿದೀರಾ ಮಾರ್ರೆ, ಅಕ್ಕಿ ಕುಟ್ಟಕ್ಕೆ?’ ಎಂದು ಯಾರೋ ನಕ್ಕರು.

ಶರಾವತಿ ಎರಡನೆಯವಳಾಗಿ ಬಂದಳು, ಒಂದು ಲೋಟ ಬಹುಮಾನ ಸಿಕ್ಕಿತು. ಅರಳಸುರಳಿಯ ವೇದಾವತಿ ಎಂಬ ಹುಡುಗಿಗೆ ಒಂದು ಪಾಯಿಂಟು ಜಾಸ್ತಿ. ಶರಾವತಿಯ ಕೊನೆಯ ಗುಂಡು ಬೊಟ್ಟಿನ ಗೆರೆಗೆ ಕೂದಲಿನಷ್ಟು ಆಚೆ ಬಿದ್ದಿತ್ತು. ‘ಅದು ನಂದೇ ಅಪ್ಪಯ್ಯ. ಉಸಿರು ಬೇಗ ಬಿಟ್ಟೆ,’ ಎಂದಳು. ರೈಫಲ್ಲಿನ ತಪ್ಪು ಎಂದು ಅವಳು ಅನ್ನಲಿಲ್ಲ. ಬಹುಮಾನದ ಲೋಟಕ್ಕಿಂತ ಆ ಮಾತು ಪುಟ್ಟಪ್ಪನಿಗೆ ಹೆಚ್ಚು ಹಿಡಿಸಿತು.

ಗಂಡಸರ ವಿಭಾಗದಲ್ಲಿ ಅವನ ಹೆಸರೂ ಇತ್ತು. ಮಲಗಿದ. ಈ ಸಲ ಬೊಟ್ಟಿಗೇ ಹಿಡಿಯಬೇಕೆಂದು ಮನಸ್ಸಿನಲ್ಲಿ ಹತ್ತು ಸಲ ಅಂದುಕೊಂಡಿದ್ದ. ಆದರೆ ಕೆನ್ನೆ ಮರಕ್ಕೆ ತಾಗಿತು, ಕಣಿವೆಯ ನಸುಕು ಎದ್ದಿತು, ಕೈಮೇಲೆ ಅಪ್ಪನ ಕೈ ಬಂದು ಕೂತಿತು.

‘ಪುಟ್ಟಪ್ಪ, ನಿಟ್ಟೂರು. ಸೊನ್ನೆ,’ ಎಂದು ಅಂಕ ಬರೆಯುವವನು ಓದಿದ. ಗುಂಪಿನಲ್ಲಿ ಒಂದಿಬ್ಬರು ನಕ್ಕರು. ಪುಟ್ಟಪ್ಪ ಹತ್ತಿರ ಹೋಗಿ ಕೈಚಾಚಿದ. ‘ಆ ಕಾರ್ಡು ನಂಗೆ ಕೊಡ್ತೀರಾ?’

‘ಇದ್ರಾಗೆ ಏನೂ ಇಲ್ವಲ್ಲ ಯಜಮಾನ್ರೆ.’

‘ಕೆಳಗೆ ಐತೆ ನೋಡಿ.’

ಮನೆಯಲ್ಲಿ ಗೋಡೆಯ ಕೇಪಿನ ಕೋವಿಯ ಪಕ್ಕ ಅವನು ಮಗಳದು, ತನ್ನದು ಎರಡೂ ಕಾರ್ಡನ್ನು ಸಾಲಾಗಿ ಮೊಳೆ ಹೊಡೆದು ಸಿಕ್ಕಿಸಿದ. ಗುತ್ಯಮ್ಮ ಸೀಮೆಎಣ್ಣೆ ಬುಡ್ಡಿ ಎತ್ತಿ ಹಿಡಿದು ನೋಡಿದಳು. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಮೊದಲು ಮಗಳ ಕಾರ್ಡಿನ ತೂತಿಗೆ ಬೆರಳ ತುದಿ ಇಟ್ಟು ನೋಡಿದಳು, ಆಮೇಲೆ ಗಂಡನದಕ್ಕೆ.

‘ಎರಡೂ ಒಂದೇ ಕೈಯವು ಕಂಡಂಗೆ ಕಾಣ್ತಾವಲ್ಲ,’ ಎಂದಳು. ‘ಲೋಟ ಕೊಟ್ಟಿದ್ದು ಯಾವ್ದಕ್ಕೆ?’

‘ತೂತು ಮೇಲಿರೋದಕ್ಕೆ,’ ಎಂದ ಪುಟ್ಟಪ್ಪ. ಬಾಚಿಯ ಅಲಗಿಗೆ ಅಂಟಿದ್ದ ಹಲಸಿನ ಹೊಟ್ಟು ಒರೆಸುತ್ತ, ನಾಳೆ ಬೆಳಗ್ಗೆ ಕೊಡಬೇಕಾದ ನೊಗದ ಮರದ ಕಡೆ ಹೊರಟ.